ಬಳಿದ ಪಾಚಿ

ಕೆಲವರು ಕುಡಿದು ಮನೆ ಕಳೆದುಕೊಳ್ಳುತ್ತಾರೆ, ಕೆಲವರು ಜೂಜಾಡಿ ಕಳೆದುಕೊಳ್ಳುತ್ತಾರೆ. ಬ್ರೆಡ್ಡಕ್ಕನ ಗಂಡ ಬಣ್ಣ ಬಳಿದು ಕಳೆದುಕೊಳ್ಳುತ್ತಿದ್ದ. ಗೋಡೆಗೆ ಬಣ್ಣ ಹೊಡೆಯುವುದು ಅವನ ಕಸುಬು. ಹಗಲೆಲ್ಲ ಊರವರ ಗೋಡೆಗೆ ಬಳಿದು ಬಂದವನು ಸಂಜೆ ಕಾಲು ಚಾಚಿ ಕೂರಬೇಕೋ ಬೇಡವೋ? ಊಹೂಂ. ಬಾಡಿಗೆ ಮನೆಯ ಬಿರುಕಿಗೆ ಪುಟ್ಟಿ ಮೆತ್ತುವುದು, ಕಿಟಕಿಯ ತುಕ್ಕು ಉಜ್ಜುವುದು, ಕೆಲಸದಲ್ಲಿ ಉಳಿದ ಡಬ್ಬಗಳ ತಳ ಕೆರೆದು ಬಾಗಿಲಿಗೊಂದು ಕಳೆ ಕೊಡುವುದು. ಕೈ ಸುಮ್ಮನಿರುತ್ತಿರಲಿಲ್ಲ. ಆಮೇಲೆ ಮನೆ ಮಾಲೀಕ ಬರುತ್ತಿದ್ದ, ಹೊಸ್ತಿಲಲ್ಲಿ ನಿಂತು ಬಾಯಿ ಬಿಡುತ್ತಿದ್ದ, ತನ್ನ ಮನೆ ಇಷ್ಟು ಚೆನ್ನಾಗಿದೆಯೆಂದು ತನಗೇ ಗೊತ್ತಿರಲಿಲ್ಲ ಎನ್ನುತ್ತಿದ್ದ. ಮುಂದಿನ ತಿಂಗಳು ಬಾಡಿಗೆ ಏರುತ್ತಿತ್ತು, ಇಲ್ಲವೇ ಮಾಲೀಕನ ತಂಗಿಯ ಮಗನಿಗೆ ಮದುವೆ ಗೊತ್ತಾಗಿ ಮನೆ ಬೇಕಾಗುತ್ತಿತ್ತು. ಆ ಊರಿನ ಮಾಲೀಕರ ತಂಗಿಯರಿಗೆಲ್ಲ ಮದುವೆಯ ವಯಸ್ಸಿನ ಗಂಡುಮಕ್ಕಳು ಅದೆಷ್ಟಿದ್ದರೋ, ದೇವರೇ ಬಲ್ಲ.

ಬ್ರೆಡ್ಡಕ್ಕ ಎನ್ನುವುದು ಜನ ಇಟ್ಟ ಹೆಸರು. ಅವಳು ಚೌಕದ ಬೇಕರಿಯಲ್ಲಿ ಕೆಲಸಕ್ಕಿದ್ದಳು. ತಟ್ಟೆ ತೊಳೆಯಲು ಸೇರಿದವಳು, ಮೈದಾ ಜರಡಿ ಹಿಡಿದು, ಹಿಟ್ಟು ನಾದಿ, ಬೈಸಿಕೊಂಡು, ಕೈ ಸುಟ್ಟುಕೊಂಡು, ಕೊನೆಗೂ ಭಟ್ಟಿಯ ಮುಂದೆ ನಿಲ್ಲುವ ಮಟ್ಟಕ್ಕೆ ಬಂದಿದ್ದಳು. ಬ್ರೆಡ್ಡು ಯಾವಾಗ ಒಳಗೆ ಹೋಗಬೇಕು, ಯಾವಾಗ ಹೊರಗೆ ಬರಬೇಕು ಎಂದು ಅವಳು ಹೇಳುತ್ತಿದ್ದಳು, ಗಂಡಸರು ಕೇಳುತ್ತಿದ್ದರು. ಬದುಕಿನಲ್ಲಿ ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ, ಅದನ್ನು ಬಿಟ್ಟುಕೊಡಲು ಅವಳು ಸುತಾರಾಂ ತಯಾರಿರಲಿಲ್ಲ. ಆದರೆ ಭಟ್ಟಿ ಹೊತ್ತಿಸುವುದು ಊರಿನ ಮೊದಲ ಬಸ್ಸು ಹೊರಡುವುದಕ್ಕೆ ಎಷ್ಟೋ ಮುಂಚೆ. ನಡೆದು ಹೋಗುವಷ್ಟು ದೂರದಲ್ಲಿ ಮನೆ ಸಿಕ್ಕಿದರೆ ಕೆಲಸ ಉಳಿಯಿತು, ಸಿಗದಿದ್ದರೆ ಹೋಯಿತು.

ಹಾಗಾಗಿ ಮತ್ತೊಂದು ಮನೆ ಗಂಡನ ಕುಂಚಕ್ಕೆ ಬಲಿಯಾದಾಗ ಅವಳು ಬ್ರೋಕರನ ಹಿಂದೆ ಬಿದ್ದಳು. ಬ್ರೋಕರನದು ಬೆಣ್ಣೆ ಮಾತು. ಊರಾಚೆಯ ಕಲ್ಲುಗಣಿಯ ಮಗ್ಗುಲಿಗೆ ಕರೆದೊಯ್ದು ನಿಲ್ಲಿಸಿ, ಚೌಕ ಇಲ್ಲೇ ಹತ್ತಿರ ಎನ್ನುತ್ತಿದ್ದ. ಗಾಳಿ ಬೆಳಕು ಚೆನ್ನಾಗಿದೆ ಎಂದರೆ ಅರ್ಧ ಛಾವಣಿ ಹಾರಿಹೋಗಿರುತ್ತಿತ್ತು. ಕೈಗೆಟಕುವ ಬಾಡಿಗೆ ಎಂದು ಅವನು ತೋರಿಸಿದ ಮನೆಗಳು ಯಾರ ಕೈಗೆ ಎಟಕುತ್ತಿದ್ದವೋ, ಇವಳ ಕೈಯಂತೂ ಅಷ್ಟು ಉದ್ದವಿರಲಿಲ್ಲ. ಅವಳು ಅವನ ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತು ಹೇಳಿ, ತಾನೇ ಬೀದಿ ಬೀದಿ ಅಲೆಯಲು ಶುರು ಮಾಡಿದಳು.

ಕೊನೆಗೆ ಸಿಕ್ಕಿದ್ದು ಬೇಕರಿಯ ಹಿಂದೆಯೇ ಇದ್ದ ಅಂಟಿನ ಕಾರ್ಖಾನೆಯ ಓಣಿ. ಕಾರ್ಖಾನೆ ಮುಚ್ಚಿ ಯಾವ ಕಾಲವಾಗಿತ್ತೋ. ಆದರೂ ಅಲ್ಲಿ ಗಬ್ಬು ನಾತ ಎಂದು ಊರೆಲ್ಲ ನಂಬಿತ್ತು, ಓಣಿಯವರು ಆ ನಂಬಿಕೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಯಾರ ಬಾಗಿಲಿಗೂ ಬಣ್ಣವಿಲ್ಲ, ಮುರಿದ ಕೈಗಾಡಿಯೊಂದು ಓಣಿಯ ಬಾಯಿಗೆ ಅಡ್ಡಲಾಗಿ ಬಿದ್ದಿತ್ತು, ಒಡೆದ ಪೈಪನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಳಗೆ ಹೋದರೆ ಮನೆಗಳು ಕನ್ನಡಿಯ ಹಾಗಿದ್ದವು. ಇದೆಲ್ಲ ಮೂಲೆಮನೆಯ ಅಜ್ಜಿಯ ಕಟ್ಟಳೆ. ಸಿನಿಮಾ ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿದು ಮುದುಕಿಯಾದವಳು ಅವಳು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಗಂಡ ಹೆಂಡತಿ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು ಅಜ್ಜಿ ನಿಯಮ ತಿಳಿಸಿದಳು.

“ಒಳಗೆ ನೀನು ಅರಮನೆ ಮಾಡ್ಕೋ, ಯಾರೂ ಕೇಳಲ್ಲ. ಹೊರಗಡೆ ಮಾತ್ರ ನೋಡಿದೋರು ಮೂಗು ಮುಚ್ಕೊಂಡು ಓಡ್ಬೇಕು. ಚೆಂದ ಕಂಡ್ರೆ ದುಡ್ಡಿರೋರು ಬರ್ತಾರೆ. ಅವರು ಬಂದ್ರೆ ನಾವು ಹೋಗ್ಬೇಕು.”

ಬ್ರೆಡ್ಡಕ್ಕನಿಗೆ ಅಜ್ಜಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಇಷ್ಟು ವರ್ಷ ತಾನು ಗಂಡನ ತಲೆಗೆ ತುಂಬಲು ಹೋಗಿ ಸೋತದ್ದನ್ನು ಈ ಮುದುಕಿ ಒಂದು ಉಸಿರಿನಲ್ಲಿ ಹೇಳಿದ್ದಳು. ಪೇಂಟರ್ ಮಾತ್ರ ಒಡೆದ ಪೈಪನ್ನೇ ನೋಡುತ್ತ ಕೂತಿದ್ದ.

ಆದರೆ ಒಂದು ತೊಡಕಿತ್ತು. ಬಾಡಿಗೆಗೆ ಕೊಡುವ ಮೊದಲು ಮಾಲೀಕ ಇವರ ಮನೆಯ ಮುಂಗೋಡೆಗೆ ಸುಣ್ಣ ಬಳಿಸಿದ್ದ. ಇಡೀ ಓಣಿಯಲ್ಲಿ ಅದೊಂದೇ ಗೋಡೆ ಹಲ್ಲು ಕಿರಿಯುತ್ತಿತ್ತು. ಅಜ್ಜಿ ದಿನಾ ಬಂದು ಅದರ ಮುಂದೆ ಮುಖ ಸಿಂಡರಿಸುತ್ತಿದ್ದಳು. ಬ್ರೆಡ್ಡಕ್ಕ ಬೇಕೆಂದೇ ಕೊಳಕು ನೀರು ಎರಚಿ ನೋಡಿದಳು. ಅದು ಇಳಿದುಹೋಗಿ ಗೋಡೆ ಇನ್ನೂ ಬಿಳಿಯಾಯಿತು. ಆಗ ಅವಳಿಗೆ ಹೊಳೆಯಿತು. ಮನೆಯಲ್ಲೊಬ್ಬ ಪೇಂಟರನ್ನು ಸಾಕಿಕೊಂಡು ತಾನೇಕೆ ಒದ್ದಾಡಬೇಕು? ಗಂಡನನ್ನು ಕರೆದು, ಕೈ ಅಷ್ಟು ತುರಿಸುತ್ತಿದ್ದರೆ ಈ ಗೋಡೆಯನ್ನು ಹಾಳು ಮಾಡಿ ತೋರಿಸಿ ಎಂದಳು.

ಪೇಂಟರ್ ಮೊದಲು ಮುಖ ಊದಿಸಿಕೊಂಡ. ಕಸುಬುದಾರನಿಗೆ ಹೇಳುವ ಮಾತೇ ಇದು? ಆಮೇಲೆ ಕಾರ್ಖಾನೆಯ ಹಿತ್ತಿಲಿಗೆ ಹೋಗಿ, ನಿಜವಾದ ಪಾಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿ ಬಂದ. ಅಂಟು ಬಳಿದು, ಅರೆಬರೆ ಒಣಗಿದಾಗ ಮೇಲೆ ಬಣ್ಣ ಕೊಟ್ಟ; ಅದು ಒಣಗುತ್ತ ಬಿರಿದು, ಹಳೇ ಗೋಡೆಯ ಹಾಗೆ ಚಕ್ಕೆ ಎದ್ದಿತು. ಸ್ಪಂಜಿನಿಂದ ಕಪ್ಪು ಹಸಿರು ಒತ್ತಿ ಪಾಚಿ ಮಾಡಿದ, ಚಹಾದ ಡಿಕಾಕ್ಷನ್ ಇಳಿಬಿಟ್ಟು ಕಿಟಕಿಯ ಕೆಳಗೆ ತುಕ್ಕಿನ ಕಣ್ಣೀರು ಮಾಡಿದ. ಬ್ರೆಡ್ಡಕ್ಕ ಕೆಲಸ ಮುಗಿಸಿ ಬಂದು, ಗೋಡೆಯಲ್ಲಿ ತೇವದಂತೆ ಕಂಡಲ್ಲಿ ಬೆರಳು ಇಟ್ಟಳು. ಒಣಗಿತ್ತು.

“ಥೂ, ಎಷ್ಟು ಅಸಹ್ಯವಾಗಿದೆ ರೀ,” ಎಂದಳು ಮನಸಾರೆ.

ಮದುವೆಯಾದಾಗಿನಿಂದ ಅವಳು ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಅವನಿಗೆ ತಲೆ ನಿಲ್ಲಲಿಲ್ಲ. ಪಕ್ಕದ ಮನೆಯವರು ತಮಗೂ ಬೇಕೆಂದರು, ಎದುರು ಮನೆಯವರು ತಮಗಿನ್ನೂ ಹೆಚ್ಚು ಬೇಕೆಂದರು. ರಜೆಯ ದಿನಗಳಲ್ಲೆಲ್ಲ ಅವನು ಓಣಿಯ ಉದ್ದಕ್ಕೂ ಪಾಚಿ ಹಬ್ಬಿಸುತ್ತ ಹೋದ. ಒಂದು ಗೋಡೆಯ ಕೊಳೆ ಇನ್ನೊಂದರ ಹಾಗಿರಬಾರದೆಂದು ಹಟ ಬೇರೆ. ಅಜ್ಜಿಯ ಮನೆಗೆ ನೆಲದಿಂದ ಸೂರಿನವರೆಗೆ ಒಂದು ಬಿರುಕು ಬರೆದ. ಅದನ್ನು ನೋಡಿದ ಅಂಚೆಯವನು ಗೋಡೆ ಬಿದ್ದೀತೆಂದು ದೂರದಿಂದಲೇ ಕಾಗದ ಎಸೆದು ಹೋದ. ಇವರ ಮಾಲೀಕನೂ ಒಮ್ಮೆ ಬಂದ. ಗೋಡೆ ನೋಡಿದ, ಉಗುಳು ನುಂಗಿದ, ರಿಪೇರಿಯ ಮಾತು ಎಲ್ಲಿ ಬರುತ್ತದೋ ಎಂದು ಹೆದರಿ, ಬಾಡಿಗೆ ಏರಿಸುವ ಸುದ್ದಿಯೇ ಎತ್ತದೆ ಕಾಲಿಗೆ ಬುದ್ಧಿ ಹೇಳಿದ. ಅವತ್ತು ಬ್ರೆಡ್ಡಕ್ಕ ಇಡೀ ಓಣಿಗೆ ಬೆಣ್ಣೆ ಬನ್ನು ಹಂಚಿದಳು. ತನ್ನಂಥ ಬುದ್ಧಿವಂತೆ ಈ ಊರಿನಲ್ಲಿಲ್ಲ ಎಂಬ ಜಂಬ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಆಮೇಲೆ ಒಬ್ಬ ಕ್ಯಾಮೆರಾದವನು ಬಂದ. ದಾರಿ ತಪ್ಪಿ ಬಂದಿರಬೇಕು ಎಂದುಕೊಂಡರು. ಮೂಗು ಮುಚ್ಚಿಕೊಂಡು ಓಡುವ ಬದಲು ಅವನು ಪಾಚಿಯ ಮುಂದೆ ಮಂಡಿಯೂರಿದ. ಮರುವಾರ ಮದುವೆ ಗೊತ್ತಾದ ಜೋಡಿಯೊಂದು ಬಂದು ಅಜ್ಜಿಯ ಬಿರುಕಿಗೆ ಒರಗಿ ಫೋಟೋ ತೆಗೆಸಿಕೊಂಡಿತು. ಮುರಿದ ಕೈಗಾಡಿಯ ಮೇಲೆ ಹುಡುಗಿಯರು ಸಾಲುಗಟ್ಟಿ ಕೂತರು. ಅಜ್ಜಿ ಬಕೆಟ್ಟಿನ ನೀರು ಎರಚಿದರೆ ಅದರದ್ದೂ ಫೋಟೋ. ತಮ್ಮ ಮನೆಯ ಗೋಡೆಯಲ್ಲಿ ಒಂದು ಕೂದಲಿನಷ್ಟು ಬಿರುಕು ಕಂಡರೆ ಮೇಸ್ತ್ರಿಯ ಜುಟ್ಟು ಹಿಡಿಯುವ ಜನ, ಇಲ್ಲಿ ಬಂದು ಬಿರುಕನ್ನು ಸವರಿ, ಆಹಾ ಎಷ್ಟು ಜೀವಂತವಾಗಿದೆ ಎಂದು ನಿಟ್ಟುಸಿರು ಬಿಡುತ್ತಿದ್ದರು. ಇಂಥ ಸಂತೆಯಲ್ಲಿ ಬೆಣ್ಣೆ ಮಾತಿನ ಬ್ರೋಕರ್ ಬಾರದೆ ಇರುತ್ತಾನೆಯೇ? ಬಂದ. ಓಣಿಯ ಬಾಯಲ್ಲಿ ನಿಂತು ಗಿರಾಕಿಗಳಿಗೆ ಗೋಡೆಗಳನ್ನು ತೋರಿಸುತ್ತ, ಇದೆಲ್ಲ ಅಪ್ಪಟ ಹಳೇದು ಎಂದು ಆಣೆ ಹಾಕುತ್ತಿದ್ದ.

ಮಾಲೀಕ ಎರಡನೇ ಸಲ ಬಂದಾಗ ಅವನ ಮುಖದಲ್ಲಿ ಬೇರೆಯೇ ಕಳೆಯಿತ್ತು. ಗೋಡೆಯನ್ನು ಯಾರೂ ಮುಟ್ಟಬಾರದು, ತೊಳೆಯಬಾರದು ಎಂದು ಕಟ್ಟಪ್ಪಣೆ ಮಾಡಿದ. ಅದು ಬರೀ ಬಣ್ಣ, ತನ್ನ ಗಂಡನೇ ಬಳಿದದ್ದು, ಬೇಕಾದರೆ ಕೆರೆದು ತೋರಿಸುತ್ತೇನೆ ಎಂದು ಬ್ರೆಡ್ಡಕ್ಕ ಗೋಗರೆದಳು. ಕೆರೆದರೆ ಪೊಲೀಸರನ್ನು ಕರೆಯುತ್ತೇನೆ ಎಂದ ಅವನು. ಅವನ ತಂಗಿಗೂ ಒಬ್ಬ ಮಗನಿದ್ದ, ಅವನಿಗೂ ಮದುವೆ ಗೊತ್ತಾಗಿತ್ತು.

ಓಣಿಯ ಉಳಿದ ಮಾಲೀಕರೂ ಮನೆ ಬಿಡಿಸಿದರು. ಅಜ್ಜಿ ಗಂಟುಮೂಟೆ ಕಟ್ಟುವಾಗ ಇವರ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಬ್ರೆಡ್ಡಕ್ಕ ತಡೆದುಕೊಳ್ಳುತ್ತಿದ್ದಳೋ ಏನೋ. ಇವರಿಗೆ ಕಲ್ಲುಗಣಿಯ ಮಗ್ಗುಲಲ್ಲೇ ಮನೆಯಾಯಿತು. ಬೇಕರಿಯ ಸಾಹುಕಾರ ಒಂದಷ್ಟು ದಿನ ಕಾದ. ಅವಳು ಮೊದಲ ಬಸ್ಸಿನಿಂದ ಇಳಿಯುವ ಹೊತ್ತಿಗೆ ಬ್ರೆಡ್ಡು ಅಂಗಡಿಯ ಹಲಗೆಯ ಮೇಲಿರುತ್ತಿತ್ತು. ಭಟ್ಟಿಯ ಮುಂದೆ ಬೇರೆಯವರು ನಿಂತರು. ಅವತ್ತಿನಿಂದ ಅವಳು ಗಂಡನ ಜೊತೆ ಕೆಲಸಕ್ಕೆ ಹೊರಟಳು, ಏಣಿ ಹಿಡಿಯಲು, ಡಬ್ಬ ಎತ್ತಿಕೊಡಲು.

ಪೇಂಟರನಿಗೆ ಈಗ ಕೆಲಸವೋ ಕೆಲಸ. ಹೊಸ ಮನೆ ಕಟ್ಟಿಸಿದವರೆಲ್ಲ ಪಾಚಿ ಬೇಕೆಂದು ಹಿಂದೆ ಬಿದ್ದಿದ್ದರು. ಒಂದು ದಿನ ಓಣಿಯಿಂದಲೇ ಕರೆ ಬಂತು. ಇವರಿದ್ದ ಮನೆಗೆ ಬಂದಿದ್ದವನು ಪೀಠೋಪಕರಣದ ವ್ಯಾಪಾರಿ. ಹೊಸ ಕುರ್ಚಿಗೆ ಹುಳ ತಿಂದ ಹಾಗೆ ತೂತು ಕೊರೆದು, ಹಳೇದೆಂದು ಮಾರಿ ದೊಡ್ಡವನಾದವನು. ಮನೆಯ ಹೊರಗೆ ಅವನಿಗೆ ಒಂದು ಕುಂದೂ ಕಾಣಲಿಲ್ಲವಂತೆ. ಒಳಗೆ ಮಾತ್ರ ತೀರಾ ಬೋಳು. ಬಿಟ್ಟು ಹೋಗುವ ಮುನ್ನ ಪೇಂಟರ್, ಯಾರು ಬಂದರೂ ಚೊಕ್ಕಟವಾಗಿರಲೆಂದು, ಒಳಗೋಡೆಗಳಿಗೆಲ್ಲ ಒಂದು ಕೈ ಬಿಳಿ ಹೊಡೆದಿದ್ದ. ಅವಳು ಒರಗಿ ಕೂತ ಜಾಗದ ಜಿಡ್ಡು, ಒಲೆಯ ಮೇಲಿನ ಮಸಿ, ಎಲ್ಲವೂ ಅದರಡಿ ಹೋಗಿತ್ತು.

“ಇಲ್ಲಿ ಯಾರೋ ಬದುಕಿದ್ರು ಅನ್ನೋ ಹಾಗೆ ಕಾಣ್ಬೇಕು,” ಎಂದ ವ್ಯಾಪಾರಿ. “ಬಡವರು. ಆದ್ರೆ ನೆಮ್ಮದಿಯಾಗಿದ್ದೋರು.”

ಪೇಂಟರ್ ತಲೆ ತಗ್ಗಿಸಿ ಡಬ್ಬದ ಮುಚ್ಚಳ ತಿರುವುತ್ತಿದ್ದ. ಬ್ರೆಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ನಾವೇ ಇದ್ವಿ ಸಾರ್ ಇಲ್ಲಿ,” ಎಂದಳು.

ವ್ಯಾಪಾರಿಯ ಮುಖ ಅರಳಿತು. “ಹೌದಾ? ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಏನೇನು ಎಲ್ಲೆಲ್ಲಿತ್ತು ಅಂತ ನೀವೇ ತೋರಿಸ್ಬಿಡಿ.”

ಅವಳು ಕೋಣೆಯನ್ನು ಒಮ್ಮೆ ನೋಡಿದಳು. ಮನೆ ಕೊಟ್ಟಾಗಿತ್ತು, ಭಟ್ಟಿ ಕೊಟ್ಟಾಗಿತ್ತು. ತಾವು ಬಾಳಿದ ಗುರುತನ್ನೂ ಇವನ ಕೈಗಿಡಲು ತನಗೇನು ತಲೆ ಕೆಟ್ಟಿದೆಯೇ ಎನಿಸಿತು. ಸೆರಗು ಸೊಂಟಕ್ಕೆ ಬಿಗಿದು, ತಾವು ಹಾಸಿಗೆ ಹಾಸುತ್ತಿದ್ದ ಮೂಲೆಗೆ ಹೋಗಿ ನಿಂತಳು.

“ಒಲೆ ಇಲ್ಲಿತ್ತು ಸಾರ್.”

ಪೇಂಟರ್ ತಟ್ಟನೆ ತಲೆಯೆತ್ತಿದ. ಅವಳು ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಅವನು ಕಪ್ಪು ಬಣ್ಣಕ್ಕೆ ಸ್ಪಂಜು ಅದ್ದಿ, ಒಲೆಯೇ ಇರದಿದ್ದ ಗೋಡೆಗೆ ಮಸಿ ಹಿಡಿಸಲು ಶುರು ಮಾಡಿದ. ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದು ಕತ್ತು ಓರೆ ಮಾಡಿ ನೋಡಿದ, ಬಹಳ ಚೆನ್ನಾಗಿದೆ, ಮಸಿ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಲಿ ಎಂದ.