ಎಂಟು ಗಂಟೆಯ ಚೀಟಿ

ಬಾಗಿಲು ತಳ್ಳಿದ ಕೂಡಲೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಫಾರ್ಮಸಿಸ್ಟ್ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಗ ಒಳಗೆ ಬನ್ನಿ ಮೇಡಂ, ಬಾಗಿಲು ಹಾಕ್ಬೇಕು," ಎಂದಳು ನರ್ಸ್. "ಚರ್ಮ ಸುಟ್ಟೋರಿಗೆ ಚಳಿ ತಡೆಯಲ್ಲ ಅಂತ ಇಲ್ಲಿ ಯಾವಾಗ್ಲೂ ಹೀಗೇ. ನಾವೂ ಅರ್ಧ ಬೆಂದಿದೀವಿ."

ಹನ್ನೊಂದು ವರ್ಷ ಇದೇ ಆಸ್ಪತ್ರೆಯಲ್ಲಿ ದುಡಿದರೂ ಸುಟ್ಟಗಾಯದ ಐಸಿಯುಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಅವಳ ಲೋಕವೆಲ್ಲ ನೆಲಮಹಡಿಯ ತಣ್ಣನೆಯ ಕೋಣೆ. ಆಂಟಿಬಯೋಟಿಕ್ ಪುಡಿಯನ್ನು ಸಲೈನಿನಲ್ಲಿ ಕರಗಿಸುವುದು, ಯಾವುದನ್ನು ಯಾವುದರ ಜೊತೆ ಒಂದೇ ಕೊಳವೆಯಲ್ಲಿ ಬಿಡಬಾರದು ಎಂದು ನೋಡಿಕೊಳ್ಳುವುದು, ಕಲಸಿದ್ದು ಎಷ್ಟು ಹೊತ್ತು ಕೆಡದೆ ಇರುತ್ತದೆ ಎಂದು ಬಾಟಲಿಗೆ ಚೀಟಿ ಅಂಟಿಸುವುದು, ಇಷ್ಟೇ. ಒಮ್ಮೆಯೂ ತಪ್ಪು ಮಾಡದ್ದಕ್ಕೆ ಬೆನ್ನ ಹಿಂದೆ ಎಲ್ಲರೂ ಅವಳನ್ನು 'ನೂರಕ್ಕೆ ನೂರು' ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈಗ ಬಂದದ್ದು ನರ್ಸ್ ಫೋನ್ ಮಾಡಿದ್ದಕ್ಕೆ. ಬಾಟಲಿ ಯಾಕೋ ಹಳದಿಯಾಗಿ ಕಾಣುತ್ತಿದೆ, ಒಮ್ಮೆ ನೋಡಿ ಎಂದಿದ್ದಳು.

ಹಾಸಿಗೆಯ ಮೇಲೆ ಬ್ಯಾಂಡೇಜ್ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದವಳು ಲಾಂಡ್ರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಬಾಯ್ಲರ್ ಒಡೆದು ಕುದಿನೀರು ಮೈಮೇಲೆ ಬಿದ್ದಿತ್ತು. ಗಾಯಕ್ಕೆ ನಂಜೇರಿ ನಾಲ್ಕು ದಿನ, ಜ್ವರ ಇಳಿದಿರಲಿಲ್ಲ. ಅವಳ ತಲೆಯ ಮೇಲ್ಗಡೆ ಕಾವು ಕೊಡುವ ದೊಡ್ಡ ದೀಪವಿತ್ತು. ಅದಕ್ಕೆ ಒಂದು ಗೇಣು ದೂರದಲ್ಲಿ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್‌ನ ಬಾಟಲಿ ನೇತಾಡುತ್ತಿತ್ತು. ಫಾರ್ಮಸಿಸ್ಟ್ ಅದನ್ನು ಮುಟ್ಟಿ ನೋಡಿದಳು. ಅರ್ಧ ಆರಿದ ಚಹಾದ ಲೋಟದಷ್ಟು ಬೆಚ್ಚಗಿತ್ತು. ಮೇಲೆ ಅವಳದೇ ದುಂಡು ಅಕ್ಷರ: ಎಂಟು ಗಂಟೆಯೊಳಗೆ ಮುಗಿಸಿ.

ಎಂಟು ಗಂಟೆ ಎನ್ನುವುದು ತಣ್ಣನೆಯ ಕೋಣೆಯ ಲೆಕ್ಕ. ಈ ಕಾವಿಗೆ ಆ ಔಷಧಿ ಮೂರು ಗಂಟೆ ತಡೆದರೆ ಹೆಚ್ಚು. ಆಮೇಲೆ ಹುಡುಗಿಯ ರಕ್ತಕ್ಕೆ ಹೋಗುತ್ತಿದ್ದದ್ದು ಸತ್ವ ಸೋರಿದ ನೀರು. ಒಂದು ಬಾಟಲಿಯಲ್ಲ, ನಾಲ್ಕು ದಿನದ ಹನ್ನೆರಡು ಬಾಟಲಿ.

"ಕೆಟ್ಟಿದೆಯಾ ಮೇಡಂ?" ನರ್ಸ್ ಕೇಳಿದಳು. "ಹೇಗೂ ಇದು ಕೊನೇದು. ಈ ಔಷಧಿಗೆ ರೋಗಾಣು ಬಗ್ತಿಲ್ಲ ಅಂತ ಮಧ್ಯಾಹ್ನ ಹನ್ನೆರಡು ಗಂಟೆಯಿಂದ ಕೊಲಿಸ್ಟಿನ್ ಶುರು ಮಾಡ್ತಾರಂತೆ. ಮೊದಲೇ ಮೂತ್ರ ಕಮ್ಮಿ ಆಗಿದೆ. ಅದನ್ನ ಕೊಟ್ರೆ ಕಿಡ್ನಿ ಉಳಿಯುತ್ತೋ ಇಲ್ವೋ."

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಬಾಯಿ ಮುಚ್ಚಿಕೊಂಡು ಕೆಳಗೆ ಹೋಗಿಬಿಡಬಹುದಿತ್ತು. ಔಷಧಿಯೇ ಬದಲಾದ ಮೇಲೆ ಹಳೆಯ ಬಾಟಲಿಯನ್ನು ಯಾರು ಕೇಳುತ್ತಾರೆ? ಹುಡುಗಿಗೆ ಏನಾದರೂ ಆದರೆ ತಪ್ಪು ರೋಗಾಣುವಿನ ಮೇಲೆ ಹೋಗುತ್ತದೆ. ಈ ಯೋಚನೆ ತನ್ನ ತಲೆಯಲ್ಲಿ ಇಷ್ಟು ಸಲೀಸಾಗಿ ಬಂದು ಕೂತಿತಲ್ಲ ಎಂದು ಅವಳಿಗೆ ಇನ್ನಷ್ಟು ಭಯವಾಯಿತು. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಅದು ಕೋಣೆಯ ಬಿಸಿಗಂತೂ ಅಲ್ಲ.

ಡಾಕ್ಟರು ಬಂದಾಗ ಅವಳು ಇನ್ನೂ ಬಾಟಲಿ ಹಿಡಿದೇ ನಿಂತಿದ್ದಳು.

"ಸಾರ್, ಔಷಧಿ ಬದಲಾಯಿಸ್ಬೇಡಿ," ಎಂದಳು. ಮಾತು ತುಂಡು ತುಂಡಾಗಿ ಬಂತು. "ಇದು... ಇದು ಸರಿಯಾಗಿ ಅವಳಿಗೆ ಸೇರೇ ಇಲ್ಲ. ಇಲ್ಲಿಯ ಬಿಸಿ ಎಷ್ಟು ಅಂತ ನಾನು ಕೇಳ್ಲೇ ಇಲ್ಲ. ಚೀಟಿ ಬರೆದಿದ್ದು ನಾನು."

ಡಾಕ್ಟರು ಬಾಟಲಿ ಮುಟ್ಟಿ ನೋಡಿದರು. ಆಮೇಲೆ ದೀಪ ನೋಡಿದರು.

"ನಾನು ದಿನಾ ಇದರ ಕೆಳಗೇ ನಿಲ್ತೀನಿ, ನನಗೂ ಹೊಳೀಲಿಲ್ಲ," ಎಂದರು ಮೆಲ್ಲಗೆ. "ಮೂರು ಗಂಟೆಗೊಂದು ಹೊಸದು ಕಲಸಿ ಕೊಡ್ತೀರಾ? ನಾಳೆ ಬೆಳಿಗ್ಗೆವರೆಗೆ ನೋಡೋಣ. ಅಷ್ಟರಲ್ಲಿ ಜ್ವರ ಇಳಿಯದಿದ್ರೆ ನನಗೂ ಬೇರೆ ದಾರಿ ಇಲ್ಲ. ಅಷ್ಟು ಹೊತ್ತು ಅವಳು ತಡೀಬೇಕು."

"ಕೊಡ್ತೀನಿ ಸಾರ್."

"ಹೊರಗೆ ಅವಳ ಅಕ್ಕ ಕೂತಿದಾರೆ. ಅವರಿಗೆ ಹೇಳ್ಬೇಕು. ನಾನು ಹೇಳ್ಲಾ?"

ಅವಳು ಬೇಡವೆಂದು ತಲೆಯಾಡಿಸಿದಳು.

ಮೊದಲು ಕೆಳಗೆ ಓಡಿ ಹೊಸ ಬಾಟಲಿ ಕಲಸಿ ತಂದಳು. ಕಾವಿನಿಂದ ದೂರ, ಹಾಸಿಗೆಯ ಕಾಲಿನ ಕಡೆ ನೇತುಹಾಕಿಸಿ, ಹನಿ ಬೀಳಲು ಶುರುವಾದ ಮೇಲೆ ಹೊರಗೆ ಬಂದಳು. ಬೆಂಚಿನಲ್ಲಿದ್ದ ಅಕ್ಕನೂ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು.

"ಹೊಸ ಔಷಧಿ ಹಾಕಿದ್ರಂತೆ?" ಎಂದಳು ಅಕ್ಕ, ಆಸೆಯಿಂದ ಎದ್ದು ನಿಂತು.

"ಹೊಸದಲ್ಲ. ಅದೇ ಔಷಧಿ."

"ಮತ್ತೆ ಇಷ್ಟು ದಿನ ಯಾಕೆ ಹಿಡೀಲಿಲ್ಲ?"

ಫಾರ್ಮಸಿಸ್ಟ್ ಹೇಳಿದಳು. ತಣ್ಣನೆಯ ಕೋಣೆ, ಬಿಸಿ ಕೋಣೆ, ಚೀಟಿ, ಎಲ್ಲವನ್ನೂ ಹೇಳಿದಳು. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮುಂದಿನ ಬಾಟ್ಲಿ ಎಷ್ಟು ಗಂಟೆಗೆ?"

"ಮೂರೂವರೆಗೆ."

"ನೀವೇ ತರ್ತೀರಾ?"

"ನಾನೇ ತರ್ತೀನಿ."

ಅಕ್ಕ ಮತ್ತೆ ಕೂತಳು. ಕೈಗಡಿಯಾರ ಬಿಚ್ಚಿ, ಮುಖ ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡು, ಅದನ್ನೇ ನೋಡತೊಡಗಿದಳು.