ಹಗುರ ಟ್ರಿಗರ್

ಪಾರ್ಶ್ವವಾಯು ಬಡಿದ ಮೇಲೆ ಲೀಲಂಡ್ ಹಾಗನ್‌ನ ಬಲಗೈ ಅವನ ಮಾತು ಕೇಳುತ್ತಿರಲಿಲ್ಲ. ಹೆಂಡತಿ ವರ್ನಾಳಿಗೆ ಅದಕ್ಕಿಂತ ಹೆಚ್ಚು ನೋವಾದದ್ದು ಅವನು ಮಾತೇ ಬಿಟ್ಟದ್ದು. ಅಮೆರಿಕದ ಮೊಂಟಾನಾದಲ್ಲಿ, ಕೆನಡಾ ಗಡಿಯ ಹತ್ತಿರದ ಅವರ ಸಣ್ಣ ಊರಿನ ಶೂಟಿಂಗ್ ಕ್ಲಬ್ಬಿನಲ್ಲೇ ಅವರಿಬ್ಬರೂ ಮೊದಲು ಭೇಟಿಯಾಗಿದ್ದರು. ಮದುವೆಯಾದ ಮೇಲೂ ಪ್ರತಿ ಶರತ್ಕಾಲದ ಪಂದ್ಯಕ್ಕೆ ಅಕ್ಕಪಕ್ಕ ಚಾಪೆ ಹಾಸಿ, ಬೋರಲು ಮಲಗಿ ಗುರಿ ಹೊಡೆಯುತ್ತಿದ್ದರು. ಅವಳ ಗುರಿ ತಪ್ಪಿದರೆ, "ಆ ಗುಂಡು ಕೆನಡಾ ಸೇರ್ತು ನೋಡು" ಎಂದು ಕೆಣಕುತ್ತಿದ್ದವನು ಈಗ ದಿನವಿಡೀ ಕಿಟಕಿಯ ಮುಂದೆ ಕೂತಿರುತ್ತಿದ್ದ. ಅವನು ಇನ್ನೊಮ್ಮೆ ಕೆಣಕಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಒಂದು ದಿನ ಅವಳು ಅವನ ಸೆಮಿ ಆಟೊಮ್ಯಾಟಿಕ್ ರೈಫಲ್ ತೆಗೆದುಕೊಂಡು ಬಂದೂಕು ರಿಪೇರಿಯ ಡ್ವೇನ್ ಸ್ಟಾರ್ಕಿಯ ಅಂಗಡಿಗೆ ಹೋದಳು.

"ಈ ಟ್ರಿಗರ್ ಹಳೇ ಗೇಟಿನ ಅಗುಳಿ ಇದ್ದ ಹಾಗಿದೆ," ಎಂದ ಡ್ವೇನ್. "ಇದನ್ನ ಎಳೆದೂ ಎಳೆದೂ ಅವನು ಅಷ್ಟು ಕಪ್ ಹೇಗೆ ಗೆದ್ನೋ."

"ಬದಲಾಯಿಸು. ಅವನ ಕೈಲಿ ಬಲ ಇಲ್ಲ. ಹಗುರವಾದ್ದು ಹಾಕು."

ಕೆಲಸ ಮುಗಿದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ ಅವಳು ಗಂಡನನ್ನು ಕ್ಲಬ್ಬಿಗೆ ಕರೆತಂದಳು. ಬೆಂಚಿನ ಮೇಲೆ ಮರಳಚೀಲವಿಟ್ಟು ರೈಫಲ್ ಹೊಂದಿಸಿದಳು. ಗುಂಡು ತುಂಬದೆ ಅವನು ಒಮ್ಮೆ ಟ್ರಿಗರ್ ಎಳೆದು ನೋಡಿದ. ಟಿಕ್ ಎಂದಿತು.

"ಏನೇ ಇದು, ಉಸಿರು ಬಿಟ್ರೆ ಸಾಕು ಗುಂಡು ಹಾರುತ್ತಲ್ಲ," ಎಂದು ಅವಳ ಮುಖ ನೋಡಿದ. ಅವನು ಹಾಗೆ ಮಾತಾಡಿ, ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು.

ಅವಳು ಗುಂಡು ತುಂಬಿಕೊಟ್ಟಳು. ಅವನು ಇನ್ನೂ ಹಿಡಿತ ಸರಿಮಾಡಿಕೊಳ್ಳುತ್ತಿದ್ದ, ಅಷ್ಟರಲ್ಲೇ ಗುಂಡು ಹಾರಿತು. ಬೆಂಚಿನ ಮುಂದಿನ ನೆಲದಲ್ಲಿ ಧೂಳೆದ್ದಿತು.

ಲೀಲಂಡ್ ಎಡಗೈಯಿಂದ ರೈಫಲ್ಲನ್ನು ನಿಧಾನವಾಗಿ ಖಾಲಿ ಮಾಡಿ ಕೆಳಗಿಟ್ಟ.

"ಬೆರಳು ಟ್ರಿಗರ್ ಮೇಲೆ ಕೂತಿತ್ತು, ವರ್ನಾ. ನಂಗೆ ಗೊತ್ತೇ ಆಗ್ಲಿಲ್ಲ."

"ಹಳೇದನ್ನೇ ಹಾಕಿಸ್ತೀನಿ."

"ಅದನ್ನ ಎಳೆಯೋಕಾಗಲ್ಲ, ಇದನ್ನ ಮುಟ್ಟಿದ್ದೇ ತಿಳಿಯಲ್ಲ. ನನ್ನ ಕಾಲ ಮುಗೀತು, ಬಿಡು."

ಅವಳ ಕಣ್ಣು ತುಂಬಿತು. ಅವನು, "ಅಳೋದಾದ್ರೆ ಗಾಡೀಲಿ ಅಳು. ಮಂಜುಗಣ್ಣಲ್ಲಿ ಗುರಿ ಕಾಣಲ್ಲ. ಚಾಪೆ ಹಾಸು, ನೀನು ಹೊಡಿ," ಎಂದ.

"ಇದು ನಿನ್ನ ರೈಫಲ್ಲು."

"ಇವತ್ತಿಂದ ನಿಂದು. ನಿನ್ನದಕ್ಕಿಂತ ಒಳ್ಳೇದೇ."

ಅವಳು ಮಲಗಿದಳು. ಪಕ್ಕದ ಜಾಗ ಬರಿದಾಗಿತ್ತು, ಒಣಹುಲ್ಲು ಗಾಳಿಗೆ ಅಲುಗುತ್ತಿತ್ತು. ಹಿಂದೆ ಕುರ್ಚಿಯಲ್ಲಿ ಕೂತು ಅವನು ದುರ್ಬೀನಿನಲ್ಲಿ ಗುರಿ ನೋಡುತ್ತಿದ್ದ.

"ಗಾಳಿ ಎಡಗಡೆಯಿಂದ ಬರ್ತಿದೆ. ತಡಿ. ಹ್ಞಾಂ, ಈಗ."

ಗುಂಡು ಗುರಿಯ ನಡುವೆ ಹೊಕ್ಕಿತು.

"ಟ್ರಿಗರ್ ಹೇಗಿದೆ?" ಎಂದ.

"ಚೆನ್ನಾಗಿದೆ."

"ಹಾಗಲ್ಲ, ಸರಿಯಾಗಿ ಹೇಳು."

ಅವಳು ಯೋಚಿಸಿದಳು. "ಮೊದಲು ಏನೂ ಇರಲ್ಲ. ಆಮೇಲೆ ತಡೆದ ಹಾಗಾಗುತ್ತೆ, ಮೊದಲ ಚಳೀಲಿ ಕೊಳದ ಮೇಲೆ ತೆಳ್ಳಗೆ ಐಸ್ ಕಟ್ಟಿರುತ್ತಲ್ಲ, ಹಾಗೆ. ಅದು ಯಾವಾಗ ಮುರೀತು ಅಂತಾನೇ ತಿಳಿಯಲ್ಲ."

ತಿರುಗಿ ನೋಡಿದಳು. ಲೀಲಂಡ್ ಕಣ್ಣು ಮುಚ್ಚಿಕೊಂಡಿದ್ದ. ಮಂಡಿಯ ಮೇಲಿದ್ದ ಬಲಗೈಯ ತೋರುಬೆರಳನ್ನು ಎಡಗೈಯಿಂದ ಹಿಡಿದು, ಟ್ರಿಗರ್ ಎಳೆಯುವ ಹಾಗೆ ಮೆಲ್ಲಗೆ ಮಡಿಸುತ್ತಿದ್ದ.

"ಇನ್ನೊಂದು ಹೊಡಿ," ಎಂದ. "ನಿಧಾನವಾಗಿ."