ಎಡಗೆನ್ನೆಯ ಹನಿ

ಕರದಂಟಿನ ಅಂಟು ಹಲ್ಲಿಗೆ ಹತ್ತಿದೆ, ಅಗಿಯಲೂ ಆಗದು ನುಂಗಲೂ ಆಗದು, ಹತ್ತರಗಿಯಿಂದ ಮಗನಿಗೆ ಹೆಣ್ಣು ನೋಡಲು ಬಂದ ಉದ್ದವ್ವ ಕೈಯಾರೆ ನನ್ನ ಬಾಯಿಗಿಟ್ಟದ್ದು, ಗೋಕಾಕದಾಗ ಇಳದು ತಂದೇವಿ, ತಿನ್ನವಾ, ಸೊಸಿ ಬಾಯಿ ಸಿಹಿ ಆಗ್ಲಿ — ಸೊಸೆ ಅಂದೇಬಿಟ್ಟರಲ್ಲ, ಬರೀ ಬಲಗೆನ್ನೆ ನೋಡಿ. ಎಡಗೆನ್ನೆ ಗೋಡೆಯ ಕಡೆಗಿದೆ, ಕೊಣ್ಣೂರಿನ ಈ ಪಡಸಾಲೆಯಲ್ಲಿ ಮುಂಜಾನೆಯಿಂದ ಚಾಪೆಯನ್ನು ತಿರುತಿರುಗಿಸಿ ಹಾಸಿದವಳು ಚಿಗವ್ವ, ಅವ್ವನ ತಂಗಿ, ಇಲ್ಲಿ ಕುಂಡ್ರು ಮಾಯಾ, ಹೊಳ್ಳಿ ನೋಡಬ್ಯಾಡ, ನಗಬ್ಯಾಡ, ನಕ್ಕರ ಕುಣಿ ಕಾಣತೈತಿ. ಕುಣಿ. ಕಿವಿಯ ಮುಂದಿನ ಜೊಲ್ಲಿನ ಗ್ರಂಥಿಯಲ್ಲಿ ಗಂಟಾಗಿತ್ತು, ಗಂಟಿನ ಜೊತೆ ಗ್ರಂಥಿಯನ್ನೂ ತೆಗೆದರು, ದವಡೆಯ ಹಿಂದೆ ಹೆಬ್ಬೆರಳು ಕೂರುವಷ್ಟು ತಗ್ಗು ಉಳಿಯಿತು, ನನಗದು ತಗ್ಗು, ಚಿಗವ್ವನಿಗೆ ಕುಣಿ, ಹೆಣ ಹೂಳುವಂಥದ್ದು. ಅಗಿದೆ. ಅಂಟು, ಬಾದಾಮಿ, ಒಣಕೊಬ್ಬರಿ, ಸಿಹಿ ಗಂಟಲಿಗಿಳಿಯಿತು, ಎಡಗೆನ್ನೆ ಬೆಚ್ಚಗಾಯಿತು, ಬೆವರು ಶುರುವಾಯಿತು, ಮಾಘದ ತಂಪಿನಲ್ಲಿ ಆ ಒಂದು ಕೆನ್ನೆಗೆ ಮಾತ್ರ — ಜೊಲ್ಲು ಸುರಿಸೂ ನರ ದಾರಿ ತಪ್ಪಿ ಬೆವರಿನ ಕಡೆ ಬೆಳದೈತಿ, ಉಂಡಾಗೊಮ್ಮೆ ಗಲ್ಲ ಬೆವರತೈತಿ, ಅಂಜಬ್ಯಾಡ, ಅಂದಿದ್ದರು ಬೆಳಗಾವಿಯ ಡಾಕ್ಟರು, ಚಿಗವ್ವ ಚಾಪೆ ಲೆಕ್ಕ ಹಾಕಿದಳು, ಕರದಂಟು ಲೆಕ್ಕ ಹಾಕಲಿಲ್ಲ. ಆ ದಿನ ಡಾಕ್ಟರು ತಗ್ಗಿನ ಬಗ್ಗೆ ನನ್ನನ್ನೇ ಕೇಳಿದ್ದರು, ಹೊಟ್ಟಿ ಕೊಬ್ಬು ತಗದು ಸೂಜಿಲೆ ತುಂಬಬಹುದು, ಒಂದಿಷ್ಟು ಕರಗತೈತಿ, ಮತ್ತೊಮ್ಮೆ ತುಂಬಬೇಕಾದೀತು, ಇಲ್ಲಾಂದ್ರ ಕುತ್ತಿಗಿ ಸ್ನಾಯುದ ಒಂದು ಪದರ ಮ್ಯಾಲ ಹೊಳ್ಳಿಸಬಹುದು, ಮತ್ತ ಕೊಯ್ಬೇಕು, ನಗೂ ನರ ಅಲ್ಲೇ ಐತಿ, ಜ್ವಾಕಿ, ಏನೂ ಮಾಡದ ಇರೂದೂ ಒಂದು ದಾರಿನ, ನಿನ್ನ ಗಲ್ಲ, ನೀ ಹೇಳವಾ — ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ, ಲಗ್ನಕ್ಕ ಮೊದಲ ತುಂಬಿಬಿಡ್ರಿ ಸಾಹೇಬ್ರ, ಹೋಳಿಗಿ ತುಂಬಿದಂಗ. ಎಲ್ಲರೂ ನಕ್ಕರು, ನಾನೂ ನಕ್ಕೆ, ಮನೆಗೆ ಬಂದು ಡೈರಿಯಲ್ಲಿ ಬರೆದೆ, ನಾನು ಹೋಳಿಗೆಯಲ್ಲ, ಬಾಯಿಂದ ಬಾರದ್ದನ್ನೆಲ್ಲ ಅಲ್ಲೇ ಬರೆದು ಬರೆದು ಸಾಕಾಗಿದೆ. ತುಂಬಿಸಿಕೊಳ್ಳಲೇಬಾರದು ಅಂತಲ್ಲ, ಮುಂದೊಂದು ದಿನ ಕನ್ನಡಿಯೆದುರು ನಿಂತಾಗ ನನಗೇ ಬೇಕೆನಿಸಿದರೆ ತುಂಬಿಸಿಕೊಳ್ಳುವೆ, ಲಗ್ನದ ಫೋಟೋಕ್ಕಾಗಿ ಅಲ್ಲ, ಆ ಕುರ್ಚಿಯಲ್ಲಿ ಕುಳಿತಿರುವ ಹುಡುಗ ಬಾಳೇಶನಿಗಾಗಿ ಅಲ್ಲ, ಪಾಪ, ಅರ್ಧ ಮುಖವನ್ನು ಒಪ್ಪುತ್ತಿದ್ದಾನೆ. ಹನಿ ಜಾರುತ್ತಿದೆ, ಸೆರಗಿನಿಂದ ಒರಸಿಕೋ ಎನ್ನುತ್ತಿವೆ ಚಿಗವ್ವನ ಕಣ್ಣು, ಒರಸುವುದಿಲ್ಲ, ಇನ್ನೊಂದು ತುಣುಕು ಕೊಡ್ರಿ ಅಂದವರು ಯಾರು, ನಾನೇ, ಉದ್ದವ್ವ ನಕ್ಕು ಕೊಟ್ಟರು, ಬಾಯಿಗಿಟ್ಟುಕೊಂಡೆ, ಅಗಿಯುತ್ತ ಹೊರಳಿ ಕುಳಿತೆ, ಚಾಪೆ ಕರಕರ ಎಂದಿತು, ಗೋಡೆ ಬೆನ್ನಿಗೆ ಹೋಯಿತು, ಅಯ್ಯ, ಗಲ್ಲಕ್ಕ ಏನಾತ ಯವ್ವಾ, ಉದ್ದವ್ವನ ದನಿ, ಹೇಳುತ್ತೇನೆ, ನುಂಗಿದ ಮೇಲೆ ನಾನೇ ಹೇಳುತ್ತೇನೆ, ಮೊದಲು ನೋಡಲಿ, ಬಾಳೇಶನೂ ಬಗ್ಗಿ ನೋಡುತ್ತಿದ್ದಾನೆ, ನೋಡಲಿ — ತಗ್ಗಿನ ಅಂಚಿನಲ್ಲಿ ಆ ಹನಿ, ಒರಸದ ಹನಿ, ಬೀಳದ ಹನಿ, ಹನಿ